ಸೋಮವಾರದ ಮೊದಲ ನಲವತ್ತು ನಿಮಿಷ

ಸೋಮವಾರ ಬೆಳಿಗ್ಗೆ ಏಳಕ್ಕೆ ನಮ್ಮ ಲಾಂಡ್ರಿಯಲ್ಲಿ ಚಪ್ಪಾಳೆ ತಟ್ಟಬೇಕು. ಹೊಸ ಸೂಪರ್‌ವೈಸರ್ ಬಂದ ಮೇಲೆ ಅಂಟಿದ ರೋಗ ಇದು. ಹನ್ನೊಂದು ಜನ ಬಿಳಿ ಹಲಗೆಯ ಮುಂದೆ ನಿಲ್ಲಬೇಕು, ಒಬ್ಬೊಬ್ಬರೂ ಈ ವಾರದ ಗುರಿ ಹೇಳಬೇಕು, ಹೇಳಿದವರಿಗೆ ಮಿಕ್ಕವರು ಮೂರು ಸಲ ತಟ್ಟಬೇಕು. ಮೆಲ್ಲಗೆ ತಟ್ಟಿದರೆ "ಹುರುಪು ಸಾಲದು, ಇನ್ನೊಂದ್ಸಲ" ಅನ್ನುತ್ತಾನೆ. ಅದಕ್ಕೇ ನಾವು ಅವನಿಗೆ ಇಟ್ಟ ಹೆಸರು ಚಪ್ಪಾಳೆ. "ಸೋಮವಾರ ಹೇಗೋ ವಾರ ಹಾಗೆ" ಅನ್ನುವುದು ಅವನ ಮಂತ್ರ. ಅದನ್ನು ದೊಡ್ಡಕ್ಷರದಲ್ಲಿ ಬರೆಸಿ ಕೈತೊಳೆಯುವ ನಲ್ಲಿಯ ಮೇಲೆ ಅಂಟಿಸಿದ್ದಾನೆ. ನಲ್ಲಿ ಸೋರುತ್ತೆ. ಅದರ ಬಗ್ಗೆ ಯಾವ ಗುರಿಯೂ ಇಲ್ಲ.

ನಾವು ಒಗೆಯುವುದು ಆಸ್ಪತ್ರೆಯ ಬಟ್ಟೆ. ಹಾಸಿಗೆಯ ಚಾದರ, ರೋಗಿಗಳ ಗೌನು, ಆಪರೇಷನ್ ಕೋಣೆಯ ಹಸಿರು ಬಟ್ಟೆ. ಬೇರೆ ದಿನ ಹತ್ತು ಗಂಟು ಬರುತ್ತೆ. ಶನಿವಾರ ಭಾನುವಾರದ್ದೆಲ್ಲ ಸೇರಿ ಸೋಮವಾರ ಬಾಗಿಲು ತೆಗೆದಾಗ ನಲವತ್ತು ಗಂಟು ಬಿದ್ದಿರುತ್ತೆ, ವಾಸನೆ ಹೊಡೆಯುತ್ತಾ.

ಆ ಗಂಟುಗಳಲ್ಲಿ ಬಟ್ಟೆ ಮಾತ್ರ ಇರಲ್ಲ. ಕತ್ತರಿ ಇರುತ್ತೆ, ಚಮಚ ಇರುತ್ತೆ. ಒಮ್ಮೆ ಯಾರದೋ ಹಲ್ಲಿನ ಸೆಟ್ಟೇ ಇತ್ತು, ಎರಡು ದಿನ ಕಿಟಕಿಯ ಮೇಲೆ ಕೂತು ನಮ್ಮನ್ನು ನೋಡಿ ನಗುತ್ತಿತ್ತು. ಮತ್ತೆ ಸೂಜಿ ಇರುತ್ತೆ. ನಾವು ಹೆದರುವುದು ಸೂಜಿಗೆ. ಯಾರ ಮೈಯೊಳಗೆ ಹೋಗಿ ಬಂದಿದ್ದೋ, ಆ ಮೈಯಲ್ಲಿ ಏನಿತ್ತೋ.

ಅದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಇಪ್ಪತ್ತು ವರ್ಷದ ಹಿಂದೆ ನನ್ನ ಚಿಕ್ಕಮ್ಮ ಮತ್ತು ಅವಳ ಜೊತೆಗಾತಿಯರು ಮಾಡಿದ್ದು. ಬಾಗಿಲ ಪಕ್ಕ ತಗಡು ಹೊದಿಸಿದ ಮೇಜು. ಗಂಟು ಬಿಚ್ಚಿ, ಬಟ್ಟೆಯ ತುದಿ ಹಿಡಿದೆತ್ತಿ, ತಗಡಿನ ಮೇಲೆ ಒದರಬೇಕು. ಎರಡು ಸಲ. ಸೂಜಿ ಬಿದ್ದರೆ ಸಣ್ಣಗೆ ಟಿಣ್ ಅನ್ನುತ್ತೆ. ಆಮೇಲೆ ಇಕ್ಕಳ ತಗೊಂಡು ಹುಡುಕಿ ಡಬ್ಬಕ್ಕೆ ಹಾಕಬೇಕು. ಟಿಣ್ ಕೇಳದಿದ್ದರೆ ಅಲ್ಲಿ ಸೂಜಿ ಇದೆ ಅಂತಾನೇ ಗೊತ್ತಾಗಲ್ಲ. ಅದು ಇನ್ನೊಂದು ಬಟ್ಟೆಗೆ ಸಿಕ್ಕಿಕೊಂಡು ಮುಂದಕ್ಕೆ ಹೋಗುತ್ತೆ, ಬಟ್ಟೆ ವಿಂಗಡಿಸುವವರ ಕೈಗೆ. ವಿಂಗಡಿಸುವವಳು ಚಿಕ್ಕಮ್ಮ.

ಕೇಳಬೇಕು ಅಂದರೆ ಸದ್ದಿರಬಾರದು. ಅದಕ್ಕೇ ಸೋಮವಾರ ಮೊದಲ ನಲವತ್ತು ನಿಮಿಷ ಮಷೀನು ಹಾಕುತ್ತಿರಲಿಲ್ಲ. ಮಿಕ್ಕ ದಿನ ಊಟಕ್ಕೆ ಮಷೀನು ನಿಂತಾಗ ಒದರಿ ಮುಗಿಸುತ್ತಿದ್ದೆವು. ಇಪ್ಪತ್ತು ವರ್ಷ ಮಷೀನಿನ ಪಕ್ಕ ನಿಂತು ಚಿಕ್ಕಮ್ಮನ ಕಿವಿ ಮಂದವಾಗಿದೆ. ಸೂಜಿಯ ಸದ್ದು ಅವಳಿಗೆ ಕೇಳಲ್ಲ. ಒದರುವುದಕ್ಕೆ ನನ್ನನ್ನು ಸೇರಿಸಿದ್ದೇ ಅದಕ್ಕೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದವನನ್ನು ಕೈಹಿಡಿದು ಇಲ್ಲಿಗೆ ತಂದವಳು. "ನನ್ನ ಕಿವಿ ನೀನೇ ಕಣೋ" ಅಂದಿದ್ದಳು ಮೊದಲ ದಿನ. ಪ್ರತಿ ಗಂಟಿಗೂ ಆ ಕಡೆಯಿಂದ "ಕೇಳಿಸ್ತಾ?" ಅಂತ ಕೂಗುತ್ತಾಳೆ. ನಾನು ಅವಳಿಗೆ ಕಾಣುವ ಹಾಗೆ ತಲೆ ಆಡಿಸಿ "ಹೂಂ, ಏನಿಲ್ಲ" ಅಂದರೆ ಮಾತ್ರ ಬಟ್ಟೆಗೆ ಕೈ ಹಾಕುತ್ತಾಳೆ.

ಚಪ್ಪಾಳೆ ಬಂದ ಮೊದಲ ಸೋಮವಾರ ಗಡಿಯಾರ ನೋಡಿದ.

"ಮಷೀನು ಯಾಕೆ ನಿಂತಿದೆ?"

"ಕೇಳ್ತಾ ಇದೀವಿ ಸಾರ್" ಅಂದೆ.

"ಏನನ್ನ?"

"ಸೂಜಿನ."

ಅವನು ನಕ್ಕ. "ಸೂಜಿ ಮಾತಾಡುತ್ತಾ? ವಾರದ ಮೊದಲ ಗಂಟೆ ಬಂಗಾರ ಇದ್ದ ಹಾಗೆ. ಅದನ್ನ ನೀವು ನಿದ್ದೆಗೆ ಹಾಕ್ತಿದ್ದೀರಿ."

ಮುಂದಿನ ವಾರ ಹಲಗೆ ಬಂತು, ಚಪ್ಪಾಳೆ ಬಂತು, ಮೂಲೆಗೆ ಒಂದು ಸ್ಪೀಕರ್ ಬಂತು. ಹುರುಪು ಹುಟ್ಟಿಸುವ ಹಾಡುಗಳಂತೆ. ಧಡ್ ಧಡ್ ಅಂತ ಒಂದೇ ಸಮ. ಏಳೂಕಾಲಿಗೆ ಮಷೀನು ಓಡಲೇಬೇಕು. ಯಾರ ಮೊದಲ ಗಾಡಿ ಬೇಗ ಹೋಗುತ್ತೋ ಅವರ ಹೆಸರಿನ ಮುಂದೆ ನಗುವ ಮುಖದ ಹಳದಿ ಸ್ಟಿಕರ್. ತಡ ಆದವರಿಗೆ ಅಳುವ ಮುಖದ ಕೆಂಪು ಸ್ಟಿಕರ್. ಮೂವತ್ತು ದಾಟಿದ, ಮಕ್ಕಳು ಮರಿ ಇರುವ ಜನಕ್ಕೆ ಅಳುವ ಮುಖ ಅಂಟಿಸಿದ ಪುಣ್ಯಾತ್ಮ. ನಾನು ಶಾಲೆ ಬಿಟ್ಟಿದ್ದೇ ಇಂಥ ಹಲಗೆಗಳ ಕಾಟಕ್ಕೆ. ಹಲಗೆ ನನ್ನನ್ನು ಹುಡುಕಿಕೊಂಡು ಬಂತು ನೋಡಿ.

ಮೂರು ಸೋಮವಾರ ನನಗೆ ಕೆಂಪು ಮುಖ. ಹಾಡಿನ ಮಧ್ಯೆ ಬಗ್ಗಿ, ತಗಡಿಗೆ ಕಿವಿ ಕೊಟ್ಟು, ನಾಲ್ಕು ಸಲ ಒದರುತ್ತಿದ್ದೆ. ಗಾಡಿ ತಡವಾಗುತ್ತಿತ್ತು. ಇಸ್ತ್ರಿ ಮಾಡುವ ಅಕ್ಕಂದಿರು ಹೋಗಿ ಬರುವಾಗೆಲ್ಲ ಕಣ್ಣೊರೆಸುವ ನಾಟಕ ಮಾಡೋರು. ಮಷೀನು ನಡೆಸುವ ಅಣ್ಣ ದಪ್ಪ ಮನುಷ್ಯ, ಮಾತಿಗೆ ಮುಂಚೆ ನಗುತ್ತಾನೆ. ಅವನೂ ಸುಮ್ಮನಿರಲಿಲ್ಲ.

"ಏನೋ ಮೆಣಸಿನಕಾಯಿ, ಈ ವಾರವೂ ಅಳ್ತಾನೇ ಇರ್ತೀಯಾ?"

ಮೆಣಸಿನಕಾಯಿ ಅಂದರೆ ನಾನು. ಕೋಪ ಮೂಗಿನ ತುದೀಲೇ ಇರುತ್ತಲ್ಲ, ಅದಕ್ಕೆ.

ನಾಲ್ಕನೇ ಸೋಮವಾರ ನನ್ನ ಸರದಿ ಬಂದಾಗ ಚಪ್ಪಾಳೆ ಕೇಳಿದ, "ಈ ವಾರ ನಿನ್ನ ಗುರಿ ಏನು?" ನಾನು ಹಲ್ಲು ಕಚ್ಚಿ ಹೇಳಿದೆ, "ಮೊದಲ ಗಾಡಿ ನಂದೇ ಸಾರ್." ಎಲ್ಲರೂ ತಟ್ಟಿದರು. ಮುಚ್ಚಿಟ್ಟು ಏನು ಪ್ರಯೋಜನ, ಆ ಮೂರು ಚಪ್ಪಾಳೆ ನನಗೆ ಹಿತವಾಯಿತು.

ಆಮೇಲೆ ನಾನು ಗಂಟು ಬಿಚ್ಚಿದ್ದು ಬಿಚ್ಚಿದ್ದೇ. ಒಂದೇ ಒದರು, ನೂಕು. ಒಂದೇ ಒದರು, ನೂಕು. ಹಾಡು ಧಡ್ ಧಡ್ ಅನ್ನುತ್ತಿತ್ತು, ಮಷೀನು ಗುಡುಗುತ್ತಿತ್ತು. ತಗಡಿನ ಮೇಲೆ ಕಬ್ಬಿಣದ ಬಾಂಡ್ಲಿ ಬಿದ್ದಿದ್ದರೂ ಕೇಳುತ್ತಿರಲಿಲ್ಲ. ಆ ಕಡೆಯಿಂದ ಚಿಕ್ಕಮ್ಮ ಪ್ರತಿ ಸಲವೂ ಕೂಗಿದಳು. "ಕೇಳಿಸ್ತಾ?"

"ಹೂಂ, ಏನಿಲ್ಲ."

ನಲವತ್ತು ಗಂಟು. ನಲವತ್ತು ಹೂಂ. ಹಳದಿ ಮುಖ ಬಂತು.

ಎಂಟು ಗಂಟೆ ಹೊತ್ತಿಗೆ ಚಿಕ್ಕಮ್ಮ ಗಾಡಿಯ ಪಕ್ಕ ನಿಂತು ಬಲಗೈ ಎತ್ತಿ ನೋಡುತ್ತಿದ್ದಳು. ಕೂಗಿರಲಿಲ್ಲ. ತೆಳು ರಬ್ಬರ್ ಗ್ಲೌಸಿನ ಹೆಬ್ಬೆರಳ ಬುಡದಲ್ಲಿ ಸೂಜಿ ನೆಟ್ಟಗೆ ನಿಂತಿತ್ತು, ಒಳಗೆ ಒಂದು ಗುಂಡಗಿನ ಕೆಂಪು ದೊಡ್ಡದಾಗುತ್ತಿತ್ತು. ಗ್ಲೌಸು ಹಾಕಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ.

ಎಚ್‌ಐವಿ ತಗಲದಿರಲಿ ಅಂತ ಡಾಕ್ಟರು ಇಪ್ಪತ್ತೆಂಟು ದಿನದ ಮಾತ್ರೆ ಕೊಟ್ಟರು. ರಕ್ತ ಈಗೊಂದು ಸಲ, ಆರು ವಾರಕ್ಕೊಂದು ಸಲ, ಮೂರು ತಿಂಗಳಿಗೊಂದು ಸಲ ಪರೀಕ್ಷೆ. "ಹೆಚ್ಚಾಗಿ ಏನೂ ಆಗಲ್ಲಮ್ಮ" ಅಂದರು. ಹೆಚ್ಚಾಗಿ ಅನ್ನುವ ಒಂದು ಪದ ಇಟ್ಟುಕೊಂಡು ಮೂರು ತಿಂಗಳು ಬದುಕಬೇಕು.

ಮನೆಗೆ ಬಂದವಳೇ ಚಿಕ್ಕಮ್ಮ ತನ್ನ ತಟ್ಟೆ ಲೋಟ ಬೇರೆ ಇಟ್ಟಳು. ಬಾಚಣಿಗೆ ಬೇರೆ, ಟವೆಲ್ ಬೇರೆ. ಅದರಿಂದೆಲ್ಲ ಹರಡಲ್ಲ ಅಂತ ಡಾಕ್ಟರು ಹೇಳಿದ್ದನ್ನು ನಾನೇ ಅವಳ ಕಿವಿಗೆ ಕೂಗಿ ಹೇಳಿದ್ದೆ. "ಇರ್ಲಿ ಬಿಡು" ಅಂದಳು. ಮಾತ್ರೆ ನುಂಗಿದ ಮೇಲೆ ಬಚ್ಚಲಲ್ಲಿ ವಾಂತಿ ಮಾಡುವ ಸದ್ದು. ನಾನು ಸಿಟ್ಟು ತಡೀಲಾರದೆ ಅವಳ ಲೋಟದಲ್ಲೇ ನೀರು ಬಗ್ಗಿಸಿಕೊಂಡು ಅವಳ ಮುಂದೇ ಕುಡಿದೆ. ಲೋಟ ಕಿತ್ತುಕೊಂಡು ನನ್ನ ಬೆನ್ನಿಗೆ ಒಂದು ಬಿಟ್ಟಳು. ಆಗಲೂ ನಾನು ನಿಜ ಹೇಳಲಿಲ್ಲ. ಬಾಯಿ ತುದಿಗೆ ಬಂದಿದ್ದನ್ನು ನೀರಿನ ಜೊತೆ ನುಂಗಿದೆ.

ಶುಕ್ರವಾರ ಚಪ್ಪಾಳೆ ನನ್ನನ್ನು ಗಾಜಿನ ಕೋಣೆಗೆ ಕರೆದ. ಮೇಜಿನ ಮೇಲೆ ಒಂದು ಕಾಗದ. ಅವನ ಮೇಲಿನವರಿಗೆ ಹೋಗುವ ವರದಿ. ನಾನು ಓದಿದೆ. ಓದಲು ಬರುತ್ತೆ ನನಗೆ. ಅವನಿಗೆ ಅದು ಅಷ್ಟು ಇಷ್ಟವಾಗಲಿಲ್ಲ.

'ಕೆಲಸಗಾರ್ತಿ ಗ್ಲೌಸ್ ಧರಿಸಿರಲಿಲ್ಲ. ಶ್ರವಣ ಶಕ್ತಿ ಕುಂದಿರುವುದರಿಂದ ಸೂಚನೆಗಳು ತಿಳಿಯುತ್ತಿಲ್ಲ. ಸ್ವಂತ ಅಜಾಗರೂಕತೆ. ಕೆಲಸಕ್ಕೆ ಯೋಗ್ಯಳಲ್ಲ.' ಕೆಳಗೆ ಸಾಕ್ಷಿ ಅಂತ ಒಂದು ಖಾಲಿ ಗೆರೆ.

"ಗ್ಲೌಸ್ ಹಾಕಿದ್ರು ಸಾರ್."

"ನೀನು ನೋಡಿದ್ಯಾ? ಮೇಜಿನ ಹತ್ರ ಇದ್ದೆಯಲ್ಲ ನೀನು." ಅವನ ದನಿ ಬೆಣ್ಣೆಯ ಹಾಗಿತ್ತು. "ನೋಡಪ್ಪ, ಯಾರೋ ಒಬ್ಬರದು ತಪ್ಪು ಅಂತ ಬರೀಲೇಬೇಕು. ಒದರಿದ್ದು ಯಾರು ಅಂತ ಮೇಲಿನವರು ಕೇಳಿದ್ರೆ ನಾನು ಯಾರ ಹೆಸರು ಹೇಳ್ಲಿ? ವಯಸ್ಸಾಯ್ತು ಅವರಿಗೆ, ಮನೇಲಿ ಕೂರ್ಲಿ. ನೀನು ಹುರುಪಿರೋ ಹುಡುಗ, ಮುಂದೆ ಬರ್ತೀಯ. ಸೋಮವಾರದ ಮೀಟಿಂಗ್ ಹೊತ್ತಿಗೆ ಸಹಿ ಮಾಡಿ ಕೊಡು."

ನನ್ನ ಕಿವಿಯಲ್ಲಿ ರಕ್ತ ಕುದಿಯಿತು. ಅವನ ಮೇಲೆ ಎಷ್ಟು ಕುದಿಯಿತೋ ನನ್ನ ಮೇಲೆ ಅದರ ಎರಡರಷ್ಟು. ಅವನು ಬೀಗ ಮಾಡಿದ್ದ, ಕೀಲಿಕೈ ಕೊಟ್ಟವನು ನಾನೇ. ಇಪ್ಪತ್ತು ವರ್ಷ ಆ ಬಟ್ಟೆಗಳಲ್ಲಿ ಕೈ ಸವೆಸಿದವಳು, ಅವಳ ಕಿವಿ ಹೋಗಿದ್ದೂ ಇಲ್ಲೇ. ಈಗ ಕಿವಿ ಇಲ್ಲ ಅಂತ ಅವಳನ್ನೇ ಆಚೆ ಹಾಕುತ್ತಾರೆ. ಕಣ್ಣು ಕಿತ್ತು ಕುರುಡ ಅಂದ ಹಾಗೆ.

ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ. ಎರಡು ದಿನ ಅದು ಎದೆಯ ಹತ್ತಿರ ಚುಚ್ಚುತ್ತಿತ್ತು.

ಸೋಮವಾರ ಏಳು ಗಂಟೆ. ಹಲಗೆಯ ಮೇಲೆ ಹೋದ ವಾರದ ನನ್ನ ಹಳದಿ ಮುಖ ಇನ್ನೂ ನಗುತ್ತಿತ್ತು. ಎಲ್ಲರೂ ನಿಂತಿದ್ದರು. ಚಿಕ್ಕಮ್ಮ ಕೊನೆಯಲ್ಲಿ, ಹೆಬ್ಬೆರಳಿಗೆ ಪಟ್ಟಿ, ಮುಖ ಮಾತ್ರೆಗೆ ಬಿಳಿಚಿಕೊಂಡಿತ್ತು. ನಲ್ಲಿಯ ಪಕ್ಕ ಒಂದು ಹೊಸ ರಟ್ಟಿನ ಡಬ್ಬ, ಅದರ ತುಂಬ ದಪ್ಪ ಗ್ಲೌಸುಗಳು. ಮನೆ ಸುಟ್ಟ ಮೇಲೆ ಬಾವಿ ತೋಡಿದ್ದರು.

"ಹೊಸ ವಾರ, ಹೊಸ ಹುರುಪು" ಅಂದ ಚಪ್ಪಾಳೆ. "ಹೋದ ವಾರ ಗೆದ್ದವನಿಂದಲೇ ಶುರು ಮಾಡೋಣ. ಏನಪ್ಪ ನಿನ್ನ ಗುರಿ?"

ನಾನು ಸ್ಪೀಕರ್ ಹತ್ತಿರ ಹೋಗಿ ವೈರು ಎಳೆದೆ. ಹಾಡು ನಿಂತಿತು.

"ಹೋದ ಸೋಮವಾರ ನಾನು ಏನೂ ಕೇಳಿಸಿಕೊಳ್ಳಲಿಲ್ಲ" ಅಂದೆ. ಚಿಕ್ಕಮ್ಮನಿಗೆ ಕೇಳಲಿ ಅಂತ ಗಟ್ಟಿಯಾಗಿ ಅಂದೆ. "ನಲವತ್ತು ಗಂಟಿಗೂ ಏನಿಲ್ಲ ಅಂದೆ. ಸುಳ್ಳು. ಆ ಹಾಡಲ್ಲಿ, ಆ ಮಷೀನಲ್ಲಿ ಯಾರಿಗೂ ಏನೂ ಕೇಳಲ್ಲ. ಆ ಹಾಳು ಸ್ಟಿಕರ್‌ಗೋಸ್ಕರ ಸುಳ್ಳು ಹೇಳಿದೆ. ಸೂಜಿ ನನ್ನ ಕೈಯಿಂದ ದಾಟಿ ಹೋಗಿದ್ದು. ಚಿಕ್ಕಮ್ಮ ಗ್ಲೌಸ್ ಹಾಕಿದ್ದಳು. ನೋಡಿದವರು ಇಲ್ಲೇ ಇದ್ದಾರೆ."

"ಮೀಟಿಂಗ್‌ನಲ್ಲಿ ನೆಗೆಟಿವ್ ಮಾತು ಬೇಡ ಅಂತ ಹೇಳಿದ್ದೀನಿ" ಅಂದ ಚಪ್ಪಾಳೆ. "ವೈರು ಹಾಕು."

"ಹಾಕಲ್ಲ."

ಜೇಬಿನಿಂದ ವರದಿ ತೆಗೆದೆ. ಹಲಗೆಗೆ ಒತ್ತಿಟ್ಟು, ಸಾಕ್ಷಿಯ ಗೆರೆಯ ಮೇಲೆ, ಒಂಬತ್ತನೇ ಕ್ಲಾಸಿನ ನನ್ನ ಕಾಗೆ ಕಾಲಿನ ಅಕ್ಷರದಲ್ಲಿ ಬರೆದೆ: 'ಮೇಲಿನದು ಸುಳ್ಳು. ಗ್ಲೌಸ್ ಇತ್ತು. ಒದರಿದವನು ನಾನು. ಹಾಡಿನಿಂದ ಕೇಳಿಸಲಿಲ್ಲ, ಕೇಳಿಸಿತು ಅಂದೆ.' ಸಹಿ ಮಾಡಿದೆ.

ಮಷೀನಿನ ಅಣ್ಣ ಪೆನ್ನು ಇಸಕೊಂಡ. ಈ ಸಲ ನಗಲಿಲ್ಲ. "ನಾನೇ ಸೂಜಿ ಕಿತ್ತಿದ್ದು, ಗ್ಲೌಸ್ ಮೇಲಿಂದ" ಅಂತ ಗೊಣಗುತ್ತಾ ನನ್ನ ಸಹಿಯ ಕೆಳಗೆ ತನ್ನದನ್ನೂ ಗೀಚಿದ. ಇಸ್ತ್ರಿಯ ಅಕ್ಕಂದಿರಲ್ಲಿ ಒಬ್ಬಳು ಹಾಕಿದಳು, ಇನ್ನೊಬ್ಬಳು ನೆಲ ನೋಡುತ್ತಾ ನಿಂತಳು. ಅವಳ ಮೇಲೂ ನನಗೆ ಸಿಟ್ಟಿದೆ, ಆದರೆ ಅವಳಿಗೆ ಮೂರು ಮಕ್ಕಳಿವೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಿಕ್ಕಮ್ಮ ನನ್ನ ಕಡೆ ಬಂದಳು. ಹೊಡೀತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ನೀನು ಹೂಂ ಅನ್ನೋ ಮುಂಚೆ ಒಂದು ಗಳಿಗೆ ತಡೀತೀಯ, ಯಾವಾಗಲೂ" ಅಂದಳು. "ಆವತ್ತು ತಡೀಲಿಲ್ಲ. ನಾನು ಕೇಳಿ ಮುಗಿಸೋಕೆ ಮುಂಚೆನೇ ಹೂಂ ಅಂತಿದ್ದೆ. ನಂಗೆ ಗೊತ್ತಿತ್ತು."

"ಮತ್ತೆ ಯಾಕೆ ಕೈ ಹಾಕ್ದೆ?"

"ನೀನು ಹೂಂ ಅಂದ್ಯಲ್ಲ" ಅಂದಳು.

ಇದಕ್ಕಿಂತ ದೊಡ್ಡ ಏಟು ಯಾವುದಿದೆ ಹೇಳಿ.

ವರದಿ ಮೇಲೆ ಹೋಯಿತು, ಎಲ್ಲ ಸಹಿಗಳ ಸಮೇತ. ಚಪ್ಪಾಳೆ ಮುಚ್ಚಿಡಲು ನೋಡಿದ, ಆದರೆ ಹನ್ನೊಂದು ಜನ ನೋಡಿದ ಕಾಗದವನ್ನು ನುಂಗುವುದು ಕಷ್ಟ. ಮೇಲಿನಿಂದ ಒಬ್ಬರು ಬಂದು ಮೇಜಿನ ತಗಡನ್ನು ಬೆರಳಲ್ಲಿ ತಟ್ಟಿ ನೋಡಿದರು. ಚಿಕ್ಕಮ್ಮನ ಕೆಲಸ ಉಳಿಯಿತು. ಸೋಮವಾರದ ಮೊದಲ ನಲವತ್ತು ನಿಮಿಷ ಮತ್ತೆ ನಮಗೆ ಸಿಕ್ಕಿತು. ಚಪ್ಪಾಳೆಗೆ ಏನೂ ಆಗಲಿಲ್ಲ. ನಲ್ಲಿಯ ಮೇಲಿನ ಬರಹವೂ ಅಲ್ಲೇ ಇದೆ, ನಲ್ಲಿಯೂ ಸೋರುತ್ತಲೇ ಇದೆ. ನನ್ನನ್ನು ಮೇಜಿನಿಂದ ತೆಗೆದು ಒದ್ದೆ ಬಟ್ಟೆಯ ಗಾಡಿ ತಳ್ಳಲು ಹಾಕಿದ. ಅದು ಅನ್ಯಾಯ ಅಂತ ನಾನು ಹೇಳಲ್ಲ. ಮೇಜಿಗೆ ಇನ್ನೂ ಬೇರೆ ಯಾರನ್ನೂ ಕೊಟ್ಟಿಲ್ಲ, ಅದು ಅನ್ಯಾಯ. ಚಿಕ್ಕಮ್ಮನೇ ಒದರಬೇಕು, ಚಿಕ್ಕಮ್ಮನೇ ವಿಂಗಡಿಸಬೇಕು.

ಆರು ವಾರದ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು. ಮೂರು ತಿಂಗಳದ್ದು ಬಾಕಿ ಇದೆ. ತಟ್ಟೆ ಲೋಟ ಇನ್ನೂ ಬೇರೆ ಇವೆ. ನನ್ನ ಜೊತೆ ಅವಳು ಬೇಕಾದಷ್ಟೇ ಮಾತಾಡುತ್ತಾಳೆ.

ಈ ಸೋಮವಾರ ನಾನು ಖಾಲಿ ಗಾಡಿ ತಳ್ಳಿಕೊಂಡು ಹಿಂದಿನ ಬಾಗಿಲಲ್ಲಿ ಬರುತ್ತಿದ್ದೆ. ಮಷೀನು ನಿಂತಿತ್ತು. ಚಿಕ್ಕಮ್ಮ ಒಂದು ಹಸಿರು ಬಟ್ಟೆ ಎತ್ತಿ ಒದರಿದಳು. ನನ್ನ ಕಡೆ ತಿರುಗಲಿಲ್ಲ, ತಗಡನ್ನೇ ನೋಡುತ್ತಾ ಕೂಗಿದಳು.

"ಕೇಳಿಸ್ತಾ?"

ಗಾಡಿಯ ಚಕ್ರ ಕಿರುಗುಡುತ್ತಿತ್ತು. ಕಾಲು ಕೊಟ್ಟು ನಿಲ್ಲಿಸಿದೆ. ಗಾಜಿನ ಕೋಣೆಯಿಂದ ಅವನು ಗಡಿಯಾರ ನೋಡಿಕೊಂಡು ನನ್ನನ್ನು ದಿಟ್ಟಿಸುತ್ತಿದ್ದ. ನೋಡಲಿ.

"ಇಲ್ಲ" ಅಂತ ಕೂಗಿದೆ. "ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಒದರು."

ಅವಳು ಒದರಿದಳು.