ಡ್ರಿಲ್ ಟೀಚರಮ್ಮನ ಸೀಟಿ

ಡ್ರಿಲ್ ಟೀಚರಮ್ಮ ಕನ್ನಡಕ ಮರೆತು ಶಾಲೆಗೆ ಬಂದದ್ದುಂಟು, ಸೀಟಿ ಮರೆತು ಬಂದದ್ದಿಲ್ಲ. ಒಂದು ಸಲ ಊದಿದರೆ ಮಕ್ಕಳು ಇದ್ದಲ್ಲೇ ಕಲ್ಲಾಗಬೇಕು, ತುಟಿ ಪಿಟಕ್ಕೆನ್ನಬಾರದು. ಎರಡು ಸಲ ಊದಿದರೆ ಕದಲಬಹುದು. ಈ ಕಟ್ಟಳೆಯನ್ನು ಅವಳು ಎಷ್ಟರ ಮಟ್ಟಿಗೆ ಅರೆದು ಕುಡಿಸಿದ್ದಳೆಂದರೆ, ಆಟದ ಬಯಲಿನ ಬೀದಿನಾಯಿ ಕೂಡ ಒಂದು ಸೀಟಿ ಕೇಳಿದರೆ ಎತ್ತಿದ ಕಾಲು ಇಳಿಸುತ್ತಿರಲಿಲ್ಲ.

ಅದಕ್ಕೇ ಪರದೇಶದ ಪ್ರವಾಸಕ್ಕೆ ಮಕ್ಕಳ ಜೊತೆ ಯಾರು ಹೋಗಬೇಕೆಂಬ ಮಾತು ಬಂದಾಗ ಹೆಡ್ಮಾಸ್ಟರು ಎರಡನೇ ಯೋಚನೆಯನ್ನೇ ಮಾಡಲಿಲ್ಲ. ಜೊತೆಗೊಬ್ಬರಿರಲಿ ಎಂದು ವಿಜ್ಞಾನದ ಮೇಷ್ಟ್ರನ್ನೂ ಸೇರಿಸಿದರು. ಪಾಪ, ಮೇಷ್ಟ್ರ ದನಿ ಎರಡನೇ ಬೆಂಚು ದಾಟಿದರೆ ಅದೇ ಹೆಚ್ಚು. "ನೀವು ಲಗೇಜು ನೋಡ್ಕೊಳ್ಳಿ ಸರ್, ಮಕ್ಕಳನ್ನ ನನಗೆ ಬಿಡಿ" ಎಂದು ಟೀಚರಮ್ಮ ವಿಮಾನ ಹತ್ತುವ ಮೊದಲೇ ಹೇಳಿಬಿಟ್ಟಳು.

ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣವಳು ಗುಬ್ಬಿ. ತಂದೆತಾಯಿ ಇಲ್ಲದ ಹುಡುಗಿ, ಸಾಕಿದವಳು ಅಜ್ಜಿ. ಮೊಮ್ಮಗಳನ್ನು ಪಕ್ಕದ ಬೀದಿಗೂ ಒಬ್ಬಳನ್ನೇ ಕಳಿಸದ ಅಜ್ಜಿ ಶಾಲೆಗೇ ಬಂದು ಟೀಚರಮ್ಮನ ಕೈ ಹಿಡಿದಿದ್ದಳು.

"ನನಗಿರೋದು ಇದೊಂದೇ ಜೀವ ಕಣಮ್ಮಾ. ನಿಮ್ಮ ಮಾತು ಮೀರಲ್ಲ ಅನ್ನೋ ಧೈರ್ಯದ ಮೇಲೆ ಕಳಿಸ್ತಿದೀನಿ."

"ಹೇಗೆ ಕರ್ಕೊಂಡು ಹೋಗ್ತೀನೋ ಹಾಗೇ ತಂದು ಒಪ್ಪಿಸ್ತೀನಿ ಅಜ್ಜಿ" ಎಂದು ಟೀಚರಮ್ಮ ಮಾತು ಕೊಟ್ಟಿದ್ದಳು.

ಆವತ್ತು ಗಡಿಯಾರದ ಗೋಪುರ ನೋಡುವುದಿತ್ತು. ಟ್ರಾಮು ನಿಂತಿತು. ಟೀಚರಮ್ಮ ಮೊದಲು ಇಳಿದಳು, ಮೇಷ್ಟ್ರು ಇನ್ನೊಂದು ಬಾಗಿಲಲ್ಲಿ ಇಳಿದರು, ಮಕ್ಕಳು ದಬದಬ ಧುಮುಕತೊಡಗಿದರು. ಅಷ್ಟರಲ್ಲಿ ಟ್ರಾಮಿಗೂ ಫುಟ್‌ಪಾತಿಗೂ ನಡುವೆ ಒಬ್ಬ ಸೈಕಲ್ಲಿನವನು ಬಾಣದ ಹಾಗೆ ನುಗ್ಗಿ ಬಂದ. ಟೀಚರಮ್ಮನ ಕೈ ತಾನಾಗಿ ಸೀಟಿಗೆ ಹೋಯಿತು. ಪೀ! ಮಕ್ಕಳೆಲ್ಲ ಕಲ್ಲು. ಬೆಚ್ಚಿದ ಸೈಕಲ್ಲಿನವನೂ ಬ್ರೇಕ್ ಹಿಡಿದು, ಏನೋ ಗೊಣಗಿ ಮುಂದೆ ಹೋದ. "ನೋಡಿದ್ರಾ ಸರ್?" ಎಂಬಂತೆ ಅವಳು ಮೇಷ್ಟ್ರ ಕಡೆ ತಿರುಗಿ ಹುಬ್ಬು ಹಾರಿಸಿದಳು. ಆಮೇಲೆ ನಿಧಾನವಾಗಿ ಎರಡು ಸಲ ಊದಿದಳು. ಅಷ್ಟೊತ್ತಿಗೆ ಟ್ರಾಮು ಮೂಲೆ ತಿರುಗಿಯಾಗಿತ್ತು.

"ಮಿಸ್, ಗುಬ್ಬಿ ಟ್ರಾಮಲ್ಲೇ ಉಳಿದ್ಲು" ಎಂದ ಸೋಡಾಬುಡ್ಡಿ ಕನ್ನಡಕದ ಹುಡುಗ.

"ಅಯ್ಯೋ, ಆಗಲೇ ಬಾಯಿ ಬಿಡೋಕೆ ಏನಾಗಿತ್ತೋ ನಿನಗೆ?"

"ಒಂದು ಸೀಟಿ ಆದ್ಮೇಲೆ ಮಾತಾಡಬಾರದು ಅಂತ ನೀವೇ ಹೇಳಿದೀರಲ್ಲ ಮಿಸ್."

ಟೀಚರಮ್ಮ ಮೂಲೆಯವರೆಗೆ ಓಡಿದಳು. ಟ್ರಾಮಿನ ಬಾಲವೂ ಕಾಣಲಿಲ್ಲ. ಫೋನ್ ಮಾಡೋಣವೆಂದರೆ ಮಕ್ಕಳ ಮೊಬೈಲುಗಳೆಲ್ಲ ಅವಳ ಚೀಲದಲ್ಲೇ ಇದ್ದವು, ಅದೂ ಅವಳದೇ ಕಟ್ಟಳೆ. ಮೇಷ್ಟ್ರು ಟಿಕೆಟ್ ಗೂಡಿನ ಹೆಂಗಸಿಗೆ ಕೈಸನ್ನೆಯಲ್ಲಿ ಕಷ್ಟ ಹೇಳಿಕೊಂಡರು. ಅವಳು ಯಾರಿಗೋ ಫೋನ್ ಮಾಡಿ, ಆಮೇಲೆ ಗಾಳಿಯಲ್ಲಿ ಬೆರಳಿನಿಂದ ದೊಡ್ಡದೊಂದು ಸೊನ್ನೆ ಬರೆದು ನೆಲ ತೋರಿಸಿದಳು.

"ಈ ಟ್ರಾಮು ಊರು ಸುತ್ತಿ ಇಲ್ಲಿಗೇ ಬರುತ್ತಂತೆ" ಎಂದರು ಮೇಷ್ಟ್ರು.

"ಅಷ್ಟರಲ್ಲಿ ಅವಳು ಎಲ್ಲೋ ಇಳಿದುಬಿಟ್ರೆ? ನಾನು ಟ್ಯಾಕ್ಸಿ ಹಿಡಿದು ಹಿಂದೆ ಹೋಗ್ತೀನಿ."

"ನೀವು ಅತ್ತ ಹೋದಾಗ ಅವಳು ಇತ್ತ ಬಂದ್ರೆ? ಮಗುನ ನನಗಿಂತ ನೀವು ಚೆನ್ನಾಗಿ ಬಲ್ಲಿರಿ. ಇಳಿದಿರ್ತಾಳಾ?"

ಬೇರೆ ಯಾವ ಮಗುವಾದರೂ ಮುಂದಿನ ಸ್ಟಾಪಿನಲ್ಲಿ ಹಾರಿ ಅಳುತ್ತ ಓಡಿ ಬರುತ್ತಿತ್ತು. ಗುಬ್ಬಿ? "ಇಳಿಯಲ್ಲ ಸರ್" ಎಂದಳು ಟೀಚರಮ್ಮ. ಯಾರಾದರೂ ಕೈ ಹಿಡಿದು ಎಳೆದುಕೊಂಡು ಹೋದರೂ ಕಿರುಚುತ್ತಾಳೋ ಇಲ್ಲವೋ! ಇಷ್ಟು ದಿನ ಬೆನ್ನು ತಟ್ಟಿಕೊಂಡ ವಿದ್ಯೆ ಇದು.

ಅವಳು ಬೆಂಚಿನ ಮೇಲೆ ಕುಸಿದು ಕುಳಿತಳು. ಅದೇ ಬಣ್ಣದ ಟ್ರಾಮುಗಳು ಬಂದವು, ಹೋದವು. ಯಾವುದರಲ್ಲೂ ಗುಬ್ಬಿ ಇಲ್ಲ. ನಡುವೆ ಚೀಲದೊಳಗೆ ಗುಬ್ಬಿಯ ಮೊಬೈಲು ಹೊಡೆದುಕೊಳ್ಳತೊಡಗಿತು. ಅಜ್ಜಿ! ಎತ್ತುವ ಧೈರ್ಯವಾಗದೆ ಚೀಲವನ್ನು ಎದೆಗವಚಿಕೊಂಡಳು. ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು.

ಕೊನೆಗೆ ಸೋಡಾಬುಡ್ಡಿ ಹುಡುಗನೇ ಮೊದಲು ನೋಡಿದ್ದು. "ಮಿಸ್, ಅಲ್ಲಿ!"

ಟ್ರಾಮು ನಿಂತು ಬಾಗಿಲು ತೆರೆಯಿತು. ಅದೇ ಬಾಗಿಲು, ಅದೇ ಕಂಬ. ಕಂಬಕ್ಕೊಂದು ಕೈ ಕೊಟ್ಟು, ಒಂದು ಕಾಲು ಮುಂದಿಟ್ಟು, ಗುಬ್ಬಿ ಕಲ್ಲಾಗಿ ನಿಂತಿದ್ದಳು. "ಇಳಿಯೇ! ಇಳಿಯೇ!" ಎಂದು ಮಕ್ಕಳು ಕೂಗಿಕೊಂಡರು. ಅವಳ ಕಣ್ಣು ಮಾತ್ರ ಟೀಚರಮ್ಮನ ಕೊರಳಿನ ಸೀಟಿಯ ಮೇಲಿತ್ತು. ಟೀಚರಮ್ಮ ಸೀಟಿ ಬಾಯಿಗಿಟ್ಟಳು. ತುಟಿ ಒಣಗಿ ನಡುಗುತ್ತಿತ್ತು. ಪುಸ್ ಎಂದು ಬರೀ ಗಾಳಿ ಬಂತು. ಮತ್ತೆ ಊದಿದಳು, ಮತ್ತೆ ಪುಸ್. ಬಾಗಿಲು ಮುಚ್ಚುವ ಗಂಟೆ ಹೊಡೆಯಿತು.

ಆಗ ಅವಳ ಬೆನ್ನ ಹಿಂದೆ ಕಿವಿ ಸೀಳುವಂಥ ಸಿಳ್ಳೆ, ಒಂದಲ್ಲ, ಎರಡು. ಗುಬ್ಬಿ ಟಣ್ಣನೆ ಕೆಳಕ್ಕೆ ಹಾರಿದಳು.

ತಿರುಗಿ ನೋಡಿದರೆ, ವಿಜ್ಞಾನದ ಮೇಷ್ಟ್ರು ಬಾಯಿಂದ ಎರಡು ಬೆರಳು ತೆಗೆದು ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಮುಖ ಕೆಂಪೇರಿತ್ತು. "ಚಿಕ್ಕಂದಿನ ಕೆಟ್ಟ ಚಟ" ಎಂದರು, ಎರಡನೇ ಬೆಂಚಿಗೂ ಕೇಳಿಸದ ದನಿಯಲ್ಲಿ.

"ನೀವು ಎರಡು ಸೀಟಿ ಊದಲೇ ಇಲ್ಲ ಮಿಸ್" ಎಂದು ಗುಬ್ಬಿ ಮುಖ ಊದಿಸಿದಳು. "ಕಾಲು ನೋಯ್ತಿದೆ."

"ಕೂತ್ಕೋಬಾರದಿತ್ತಾ ಕೂಸೇ?"

"ಒಬ್ಬರು ತಾತ ಸೀಟು ಬಿಟ್ಟುಕೊಟ್ರು. ಆದ್ರೆ ಕದಲಬಾರದಲ್ಲ?"

ಟೀಚರಮ್ಮ ಅವಳನ್ನು ಬಾಚಿ ತಬ್ಬಿಕೊಂಡಳು. ಹೋದ ಜೀವ ಬಂದಿತ್ತು. ನಡುಬೀದಿಯೆಂದು ನೋಡದೆ ಅತ್ತಳು, ಅಳುತ್ತಲೇ ನಕ್ಕಳು. ಶಾಲೆಯಲ್ಲಿ ಯಾರೂ ಕಾಣದ ಈ ನೋಟವನ್ನು ಮಕ್ಕಳು ಬಿಟ್ಟ ಬಾಯಿ ಬಿಟ್ಟಂತೆಯೇ ನೋಡಿದರು.

ಚೀಲ ಮತ್ತೆ ಹೊಡೆದುಕೊಂಡಿತು. ಈ ಸಲ ಟೀಚರಮ್ಮ ತಾನೇ ಎತ್ತಿ "ಹೇಳಿ ಅಜ್ಜಿ" ಎಂದಳು.

"ಏನಮ್ಮಾ, ನನ್ನ ಮಗು ಹೇಗಿದಾಳೆ? ನೀವು ಹೇಳಿದ ಮಾತು ಕೇಳ್ತಾಳಾ?"

"ಇಲ್ಲೇ, ನನ್ನ ಪಕ್ಕದಲ್ಲೇ ಇದಾಳೆ ಅಜ್ಜಿ, ಈಗಲೇ ಕೊಡ್ತೀನಿ" ಎಂದಳು ಟೀಚರಮ್ಮ, ಮೂಗು ಒರೆಸಿಕೊಳ್ಳುತ್ತ. "ಆದ್ರೆ ಹೇಗೆ ಕರ್ಕೊಂಡು ಬಂದೆನೋ ಹಾಗೇ ತಂದು ಒಪ್ಪಿಸೋಕೆ ಮಾತ್ರ ಆಗಲ್ಲ. ಹೇಳಿದ ಮಾತು ಕೇಳೋದನ್ನ ಒಂದಿಷ್ಟು ಬಿಡಿಸಿ ಕರ್ಕೊಂಡು ಬರ್ತೀನಿ."