ಗೆರೆಯ ತುದಿಗೆ ಗಂಡನ ಹೆಸರು

ಹಾಸಿಗೆ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಒಂದು ದಪ್ಪ ಉರುಳೆ ದಿನವಿಡೀ ಹಾಸಿಗೆಗಳ ಮೇಲೆ ಹೊರಳಾಡುತ್ತಿತ್ತು. ಕೆಲಸದ ಹೊತ್ತಿನಲ್ಲಿ ಹಾಗೆ ಹೊರಳಾಡುವ ಭಾಗ್ಯ ಇಡೀ ಕಾರ್ಖಾನೆಯಲ್ಲಿ ಅದಕ್ಕೊಂದಕ್ಕೇ ಇತ್ತು. ಪ್ರತಿ ಹೊರಳಿಗೂ ಹಾಸಿಗೆ ಕುಸಿದು ಎಷ್ಟು ಎತ್ತರ ಉಳಿಯಿತೆಂದು ಕಂಪ್ಯೂಟರ್ ಬರೆದುಕೊಳ್ಳುತ್ತಿತ್ತು. ಅದನ್ನು ಗ್ರಾಫ್ ಮಾಡಿ ಮಾಲೀಕರ ಮುಂದಿಡುವುದು ಗೆರೆಯಮ್ಮನ ಕೆಲಸ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅಲ್ಲಿ ಯಾರನ್ನೂ ಸ್ವಂತ ಹೆಸರಿನಿಂದ ಕರೆಯುವ ಅಭ್ಯಾಸವಿರಲಿಲ್ಲ. ಹಾಸಿಗೆಯೊಳಗಿನ ಫೋಮಿಗೂ ನಂಬರಿರಲಿಲ್ಲ, ಅದನ್ನು ಬೆರೆಸಿದವನ ಅಡ್ಡಹೆಸರೇ ಅದಕ್ಕೂ ಹೆಸರು.

ಮಾಲೀಕರಿಗೆ ಗ್ರಾಫ್ ಕಾಗದದ ಮೇಲೇ ಬೇಕು, ಅದೂ ಕಪ್ಪು ಬಿಳುಪಿನಲ್ಲಿ. ಬಣ್ಣದ ಶಾಯಿ ಖರ್ಚಾದರೆ ಅವರಿಗೆ ಸ್ವಂತ ರಕ್ತ ಬಸಿದಂತಾಗುತ್ತಿತ್ತು. ಯಾವ ಗೆರೆ ಯಾರದೆಂದು ಮೂಲೆಯ ಚೌಕದಲ್ಲಿ ಬರೆದಿಟ್ಟರೆ, ಬೂದು ಯಾವುದು ಕಡುಬೂದು ಯಾವುದೆಂದು ಅವಳ ತಲೆ ತಿನ್ನುತ್ತಿದ್ದರು. ಬೇಸತ್ತ ಗೆರೆಯಮ್ಮ ಒಂದು ವಾರ ಕೂತು ಕಂಪ್ಯೂಟರಿಗೆ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಸಾಲು, ಬರೆದಳು. ಪ್ರತಿ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲೇ, ಅದೇ ಬಣ್ಣದಲ್ಲಿ, ಅದರ ಹೆಸರು ತಾನಾಗಿ ಬಂದು ಕೂರಬೇಕು. ಎರಡು ಹೆಸರು ಒಂದರ ಮೇಲೊಂದು ಬಿದ್ದರೆ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಸರಿಯಬೇಕು. ಇದರಲ್ಲಿ ಮನುಷ್ಯರ ಕೈಯೇ ಇಲ್ಲ, ಹಾಗಾಗಿ ತಪ್ಪೂ ಇಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು. ಕೊಂಬು ಮೂಡುವುದೊಂದು ಬಾಕಿ.

ಅವಳ ಗಂಡನೂ ಅಲ್ಲೇ ಫೋಮ್ ಬೆರೆಸುವವನು. ಎಲ್ಲರ ಕೆಲಸಕ್ಕೂ ಮೂಗು ತೂರಿಸುತ್ತಿದ್ದುದರಿಂದ ಅವನಿಗೆ ಮೇಸ್ತ್ರಿ ಎಂದು ಹೆಸರು. ವರ್ಷಾನುಗಟ್ಟಲೆಯಿಂದ ಅವನ ಫೋಮ್ ಇನ್ನೊಬ್ಬ ಬೆರೆಸುವವನಾದ ಮೌನಿಯ ಫೋಮಿನೆದುರು ಸೋಲುತ್ತಲೇ ಬಂದಿತ್ತು. ಮೌನಿ ಗೆದ್ದಾಗಲೂ ಒಂದು ಮಾತಾಡುತ್ತಿರಲಿಲ್ಲ; ಮೇಸ್ತ್ರಿಗೆ ಅದೇ ಹೆಚ್ಚು ಉರಿ. ಈ ಸಲ ಹೊಸದೊಂದು ಮಿಶ್ರಣ ಕಂಡುಹಿಡಿದು, ಅದರದೇ ಹಾಸಿಗೆಯನ್ನು ಮನೆಗೆ ಹೊತ್ತು ತಂದು, ನಡುಮನೆಯ ಮಂಚಕ್ಕೆ ಹಾಸಿ ಒಬ್ಬನೇ ಮಹಾರಾಜನ ಹಾಗೆ ಮಲಗುತ್ತಿದ್ದ. ಆದರೆ ಈಚೆಗೆ ಬೆಳಿಗ್ಗೆ ಗೋಡೆ ಹಿಡಿದು, ಸೊಂಟದ ಮೇಲೆ ಕೈಯಿಟ್ಟು ಏಳುತ್ತಿದ್ದ. ಕೇಳಿದರೆ ಸ್ಕೂಟರ್ ಸೀಟಿನದು ತಪ್ಪು ಎನ್ನುತ್ತಿದ್ದ.

ಆಗ ದೊಡ್ಡ ಆಸ್ಪತ್ರೆಯೊಂದರಿಂದ ಆರ್ಡರ್ ಬಂತು. ಯಾರ ಫೋಮ್ ಗೆಲ್ಲುತ್ತದೋ ಅವರೇ ಬೆರೆಸುವ ವಿಭಾಗದ ಮುಖ್ಯಸ್ಥರು ಎಂದು ಮಾಲೀಕರು ಸಾರಿದರು. ಗ್ರಾಫ್ ಅಚ್ಚಾಗಿ ಬಂತು. ಒಂದು ಗೆರೆ ಹಾಸಿದ ಚಾಪೆಯಂತೆ ಮಟ್ಟಸ. ಇನ್ನೊಂದು ಎತ್ತರದಲ್ಲಿ ಶುರುವಾಗಿ, ಜಾರುತ್ತ ಜಾರುತ್ತ ಬಂದು, ತುದಿಯಲ್ಲಿ ಮೊದಲನೆಯದಕ್ಕಿಂತ ಕೂದಲೆಳೆಯಷ್ಟು ಕೆಳಗಿಳಿದು ಇನ್ನೂ ಇಳಿಯುವ ಹುಮ್ಮಸ್ಸಿನಲ್ಲಿತ್ತು. ಮಟ್ಟಸ ಗೆರೆಯ ಮುಂದೆ 'ಮೇಸ್ತ್ರಿ' ಎಂದಿತ್ತು, ಜಾರುವುದರ ಮುಂದೆ 'ಮೌನಿ'. ಮಾಲೀಕರು ಮೇಸ್ತ್ರಿಯ ಕೈಕುಲುಕಿದರು. ಅತ್ತೆ ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಹಂಚಿದರು. ಮೇಸ್ತ್ರಿ ಮಾತ್ರ ಮೀಸೆ ತಿರುವಲಿಲ್ಲ. ಖುಷಿ ತಡೆಯಲಾರದೆ ಮಂಕಾಗಿದ್ದಾನೆಂದು ಅವಳು ಅಂದುಕೊಂಡಳು.

ಮರುದಿನ ತನ್ನ ಸ್ಕ್ರಿಪ್ಟಿನ ಚೆಂದ ನೋಡೋಣವೆಂದು ಗೆರೆಯಮ್ಮ ಅದೇ ಗ್ರಾಫನ್ನು ಪರದೆಯ ಮೇಲೆ ತೆರೆದಳು. ಕಾಗದದಲ್ಲಿ ಬೂದಾಗಿದ್ದ ಮಟ್ಟಸ ಗೆರೆ ಇಲ್ಲಿ ನೀಲಿ. ಅದರ ಮುಂದೆ ಕೂತಿದ್ದ 'ಮೇಸ್ತ್ರಿ' ಕೆಂಪು. ಹೆಸರುಗಳು ಡಿಕ್ಕಿ ಹೊಡೆದಾಗ ಫೈಲಿನಲ್ಲಿ ಮೊದಲಿರುವವರನ್ನು ಮೇಲಕ್ಕೆ ಕಳಿಸು ಎಂದು ಬರೆದಿದ್ದವಳು ಅವಳೇ. ಗೆರೆಯ ತುದಿ ಎಲ್ಲಿದೆ ನೋಡು ಎಂದು ಬರೆಯುವುದನ್ನು ಮರೆತಿದ್ದಳು. ಫೈಲಿನಲ್ಲಿ ಗಂಡನನ್ನು ಮೊದಲಿಟ್ಟವಳೂ ಅವಳೇ. ಹಿಂದೊಮ್ಮೆ ಮೌನಿಯನ್ನು ಮೊದಲಿಟ್ಟದ್ದಕ್ಕೆ ಗಂಡ ಮುಖ ಊದಿಸಿಕೊಂಡು ಊಟ ಬಿಟ್ಟಿದ್ದ.

ಒಂದು ಸಾಲು ತಿದ್ದಿದಳು. 'ಮೇಸ್ತ್ರಿ' ಸದ್ದಿಲ್ಲದೆ ಕೆಳಗಿಳಿದು ಜಾರುವ ಗೆರೆಯ ಮುಂದೆ ಕೂತ. ಬಾಯಿಗೆ ಬೀಗ ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ, ಆಸ್ಪತ್ರೆಯಲ್ಲಿ ಮಲಗುವವರ ಬೆನ್ನುಗಳನ್ನು ಬಿಟ್ಟು. ಬಾಯಿ ಬಿಟ್ಟರೆ, ಬದುಕಿನಲ್ಲಿ ಒಮ್ಮೆ ಗೆದ್ದ ಗಂಡನನ್ನು ಕೈಹಿಡಿದವಳೇ ಸೋಲಿಸಿದಂತೆ. ಅವಳಿಗೆ ಅಳು ಬಂತು. ಅತ್ತಳು, ಮೂಗು ಒರೆಸಿಕೊಂಡಳು, ಊಟದ ಬಿಡುವಿನಲ್ಲಿ ಅವನನ್ನು ಕರೆಸಿದಳು.

"ರೀ, ಹೆಸರು ಅದಲುಬದಲಾಗಿದೆ. ತಪ್ಪು ನಂದು. ಕುಸೀತಿರೋದು ನಿಮ್ದು."

ಅವನು ಕೂಗಾಡುತ್ತಾನೆಂದು ಕಾದಳು. ಅವನು ಸೊಂಟ ಹಿಡಿದುಕೊಂಡು ಮೆಲ್ಲಗೆ ಸ್ಟೂಲಿನ ಮೇಲೆ ಕೂತ.

"ನನ್ನ ಬೆನ್ನಿಗೆ ಮೊದಲೇ ಗೊತ್ತಿತ್ತು ಕಣೇ," ಎಂದ. "ನಿನ್ನ ಕಂಪ್ಯೂಟರ್ ನಾನೇ ಗೆದ್ದೆ ಅಂದಾಗ, ಬೆನ್ನೇ ಸುಳ್ಳು ಹೇಳ್ತಿದೆ ಅಂದ್ಕೊಂಡೆ."

ಇಬ್ಬರೂ ಒಟ್ಟಿಗೇ ಮಾಲೀಕರ ಹತ್ತಿರ ಹೋದರು. ಅವರು ದಂಡವಾದ ಒಂದು ಹಾಳೆ ಕಾಗದಕ್ಕೆ ಬೈದು, ಮೌನಿಯನ್ನು ಕರೆಸಿ, ಅವನ ಕೈಯನ್ನೂ ಒಮ್ಮೆ ಕುಲುಕಿದರು. ಮೌನಿ ಎಂದಿನಂತೆ ತುಟಿ ಬಿಚ್ಚಲಿಲ್ಲ. ಬಾಗಿಲವರೆಗೆ ಹೋದವನು ತಿರುಗಿ, ಗೋಡೆಗೆ ಒರಗಿ ನಿಂತಿದ್ದ ಮೇಸ್ತ್ರಿಯನ್ನು ಒಮ್ಮೆ ನೋಡಿದ.

"ನಂದೊಂದು ಹಾಸಿಗೆ ಮನೆಗೆ ತಗೊಂಡ್ಹೋಗು," ಎಂದ.

ಸಂಜೆ ಗಂಡ ಹೆಂಡತಿ ಅದರ ಒಂದೊಂದು ತುದಿ ಹಿಡಿದು, ಅತ್ತೆ ಸುದ್ದಿ ಹಂಚಿದ್ದ ಅದೇ ಬೀದಿಯಲ್ಲಿ ಹೊತ್ತು ತಂದರು. ಕೇಳಿದವರಿಗೆಲ್ಲ ಮೇಸ್ತ್ರಿ ಇದು ಮೌನಿಯದು ಎಂದು ತಾನೇ ಹೇಳಿದ. ಮರುದಿನ ಬೆಳಿಗ್ಗೆ ಗೋಡೆ ಹಿಡಿಯದೆ, ನೆಟ್ಟಗೆ ಎದ್ದು ನಿಂತ. ಆ ಸಿಟ್ಟಿಗೆ ಸಂಜೆಯವರೆಗೂ ಹೆಂಡತಿಯ ಜೊತೆ ಮಾತಾಡಲಿಲ್ಲ.