ಒಂದೇ ಏಟಿಗೆ ನಲವತ್ತು ದಿನ

ನಾನು ಒಂದು ಲಾಠಿ. ಹುಟ್ಟಿದ್ದು ದಾಂಡೇಲಿಯ ಕಾಡಿನಲ್ಲಿ, ಗಟ್ಟಿ ಬಿದಿರಾಗಿ. ಕಡಿದರು, ಬೆಂಕಿಗೆ ಹಿಡಿದು ಸೊಟ್ಟ ತೆಗೆದರು, ಎಣ್ಣೆ ಕುಡಿಸಿದರು, ತುದಿಗೆ ಕಬ್ಬಿಣದ ಕಟ್ಟು ಬಡಿದರು. ಅಷ್ಟು ಏಟು ತಿಂದ ಮೇಲೆಯೇ ನನ್ನನ್ನು ಏಟು ಕೊಡಲು ಕಳಿಸಿದ್ದು.

ಗದಗಿನ ಹವಾಲ್ದಾರ ದುರ್ಗಪ್ಪನ ಕೈಗೆ ಬಿದ್ದು ಇಪ್ಪತ್ತೆರಡು ವರ್ಷ ದುಡಿದೆ. ಗಿರಣಿಯ ಗೇಟಿನ ಮುಂದೆ ಒಬ್ಬನ ಹೆಗಲ ಮೂಳೆ ಮುರಿದೆ; ಬಸ್ ಸ್ಟ್ಯಾಂಡಿನಲ್ಲಿ ಒಬ್ಬನ ಬೆರಳು ಜಜ್ಜಿದೆ. ಸಾಹೇಬರು ಹೊಡಿ ಅಂದರೆ ಹೊಡೆತ, ಸಾಕು ಅಂದರೆ ಸಾಕು. ಯಾಕೆ ಎಂದು ಯಾರೂ ಕೇಳಲಿಲ್ಲ, ನನಗೂ ಕೇಳಬೇಕೆನಿಸಲಿಲ್ಲ. ಸಂಜೆ ಮನೆಗೆ ಬಂದೊಡನೆ ದುರ್ಗಪ್ಪ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ. ಮಗಳಂತೆ ನೋಡಿಕೊಂಡ ಎನ್ನೋಣವೆಂದರೆ, ಮಗಳನ್ನು ಅವನು ನೋಡಿಕೊಂಡ ರೀತಿಯೇ ಬೇರೆ.

ಮಗಳ ಹೆಸರು ನೀಲಾ. ತಾಯಿಯಿಲ್ಲದವಳು. ಸಾರು ಉಪ್ಪಾದರೆ ಏಟು, ಕಿಟಕಿಯಲ್ಲಿ ನಿಂತರೆ ಏಟು. ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆಯ ನಾಟಕಕ್ಕೆ ಬಣ್ಣ ಹಚ್ಚಿಕೊಂಡಳೆಂದು ಹೊಡೆದಾಗ ಅವಳು ಎಡಗೈ ಅಡ್ಡ ಹಿಡಿದಳು. ಮೂಳೆ ಲಟಕ್ಕೆಂದಿತು. ಆ ಸದ್ದು ನನ್ನ ಮೈಯಲ್ಲಿ ಇನ್ನೂ ಇದೆ. ಅದೇ ದುರ್ಗಪ್ಪ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಕಟ್ಟು ಹಾಕಿಸಿದ. ಬರುವಾಗ ಜಿಲೇಬಿ ತಿನ್ನಿಸಿದ. ಸೈಕಲ್ಲಿಗೆ ಕಟ್ಟಿಸಿಕೊಂಡು ನಾನೂ ಹೋಗಿದ್ದೆ. ಏಟಿಗೆ ಅಳದ ನೀಲಾ, ಜಿಲೇಬಿ ಬಾಯಿಗಿಟ್ಟಾಗ ಬಿಕ್ಕಿ ಬಿಕ್ಕಿ ಅತ್ತಳು.

ದುರ್ಗಪ್ಪ ನಿವೃತ್ತನಾದ. ಹಳತಾಯಿತೆಂದು ಇಲಾಖೆ ಕೈಬಿಟ್ಟ ನಾನು ಅವನ ಮನೆಯ ಬಾಗಿಲ ಹಿಂದೆ ನಿಂತೆ. ನೀಲಾ ಶಾಲೆಯ ಟೀಚರ್ ಆದಳು, ಮೂವತ್ತು ದಾಟಿದಳು. ಒಂದು ಸಂಜೆ ಅಪ್ಪನಿಗೆ ಹೇಳದೆ ನನ್ನನ್ನೆತ್ತಿಕೊಂಡು ನಾಟಕದ ತಾಲೀಮಿಗೆ ಹೋದಳು. ಆಮೇಲೆ ದಿನವೂ ಹಾಗೆಯೇ ಒಯ್ದು, ಮರಳಿ ಬಾಗಿಲ ಹಿಂದೆ ಇಡುತ್ತಿದ್ದಳು.

ಹೊಂಬಳ ಮಾಸ್ತರರ ಹವ್ಯಾಸಿ ತಂಡ ಐರ್ಲೆಂಡಿನ ಒಂದು ನಾಟಕವನ್ನು ಕನ್ನಡಕ್ಕೆ ತಂದಿತ್ತು. ಕಡಲದಂಡೆಯ ಗುಡಿಸಲು, ಕುಡುಕ ಮಾರ್ಟಿನ್, ಅವನ ಮಗಳು ಬ್ರಿಜಿಡ್; ಬ್ರಿಜಿಡ್ ಪಾತ್ರ ನೀಲಾಳದು. ವರ್ಷಗಟ್ಟಲೆ ಅಪ್ಪನ ಏಟು ತಿಂದ ಬ್ರಿಜಿಡ್, ಅವನು ಮೊದಲ ಸಲ ಅವಳ ಹರಿದ ಬೂಟು ಹೊಲಿದುಕೊಟ್ಟ ದಿನವೇ ಬಡಿಗೆಯಿಂದ ಅವನ ತಲೆ ಒಡೆಯುತ್ತಾಳೆ. ಆ ದಿನವೇ ಯಾಕೆ? ಇವರ ತಲೆನೋವು ಅದೇ. ಜಮೀನಿಗಾಗಿ ಎಂದ ಒಬ್ಬ. ಹಡಗಿನವನೊಬ್ಬನ ಮೇಲೆ ಅವಳಿಗೆ ಮನಸ್ಸಿತ್ತು, ಅಪ್ಪ ಅಡ್ಡ ಬಂದ ಎಂದ ಇನ್ನೊಬ್ಬ. ಚಹಾ ಮೇಲೆ ಚಹಾ. ಒಂದೇ ಏಟಿಗೆ ನಲವತ್ತು ದಿನ! ನಾನು ಒಳಗೊಳಗೇ ನಕ್ಕೆ. ನೀಲಾ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮಾರ್ಟಿನ್ನನ ಬದಲು ನಿಲ್ಲಿಸಿದ್ದ ಹೊಟ್ಟಿನ ಚೀಲಕ್ಕೆ ಅವಳು ಹೊಡೆದರೆ ಧೂಳೂ ಏಳುತ್ತಿರಲಿಲ್ಲ.

ನಲವತ್ತನೆಯ ದಿನ ನನ್ನನ್ನು ಹುಡುಕಿಕೊಂಡು ದುರ್ಗಪ್ಪ ಬಂದ. ಕಣ್ಣು ಕೆಂಪಾಗಿತ್ತು. ನೀಲಾ ನನ್ನನ್ನು ಇನ್ನೂ ಬಿಗಿಯಾಗಿ ಹಿಡಿದಳು. ಏನೂ ಅರಿಯದ ಮಾಸ್ತರರು, "ಬರ್ರಿ ಹವಾಲ್ದಾರ್ರ, ಛಲೋ ಹೊತ್ತಿಗೆ ಬಂದ್ರಿ. ಹೆಂಗ ಹೊಡಿಬೇಕು ಅಂತ ನಿಮ್ಮ ಮಗಳಿಗೆ ಸ್ವಲ್ಪ ತೋರಸ್ರಿ" ಎಂದರು.

ದುರ್ಗಪ್ಪ ನನ್ನನ್ನು ಕಸಿದುಕೊಂಡು ಬೀಸಿದ. ಚೀಲ ಹರಿದು ಹೊಟ್ಟು ನೆಲಕ್ಕೆ ಸುರಿಯಿತು.

"ಶಾಬಾಸ್! ಹೊಡಿಯೋ ಮುಂದ ಮನಸ್ಸಿನ್ಯಾಗ ಏನಿತ್ತರೀ?" ಎಂದರು ಮಾಸ್ತರರು.

"ಏನಿರತೈತ್ರೀ? ಏನೂ ಇರಲಿಲ್ಲ."

"ಬ್ರಿಜಿಡ್ ಹಂಗ ಅಂದ್ಕೊಂಡಿದ್ಲು ಸರ್" ಎಂದಳು ನೀಲಾ. "ಇಂವ ಬರೇ ಒಂದು ಬಡಿಗಿ, ಒಳಗ ಏನೂ ಇಲ್ಲ ಅಂತ ಇಷ್ಟು ವರ್ಷ ತಾಳಿದ್ಲು. ಬೂಟ ಹೊಲದ ಕೊಟ್ಟಾಗ ಗೊತ್ತಾತು, ಇಂವಗ ಅಪ್ಪ ಆಗಾಕೂ ಬರತಿತ್ತು ಅಂತ. ಬರತಿದ್ರೂ ಆಗಲಿಲ್ಲ. ಅದ ಸಿಟ್ಟು."

ದುರ್ಗಪ್ಪ ಮಗಳ ಎಡಗೈಯನ್ನೇ ನೋಡಿದ. ಆಮೇಲೆ ನನ್ನನ್ನು ಅವಳ ಕೈಗೆ ಕೊಟ್ಟು, ಚೀಲ ಇದ್ದ ಜಾಗದಲ್ಲಿ ಹೋಗಿ ನಿಂತ.

"ಹೊಡಿ" ಎಂದ.

ತಮಾಷೆಯೆಂದು ಮಾಸ್ತರರು ನಕ್ಕರು. ನೀಲಾ ಎರಡೂ ಕೈಯಿಂದ ನನ್ನನ್ನೆತ್ತಿದಳು. ಇಪ್ಪತ್ತೆರಡು ವರ್ಷದ ಅನುಭವದ ಮೇಲೆ ಹೇಳುತ್ತೇನೆ, ಅದು ನಾಟಕದ ಹಿಡಿತವಲ್ಲ. ಗುರಿ ನೆತ್ತಿಗೇ ಇತ್ತು. ಅರ್ಧ ದಾರಿಯಲ್ಲಿ, ಮುರಿದು ಕೂಡಿದ ಆ ಎಡಗೈ ನನ್ನನ್ನು ಪಕ್ಕಕ್ಕೆಳೆಯಿತು. ಕಲ್ಲುಕಂಬಕ್ಕೆ ಬಡಿದು ನಾನು ಉದ್ದಕ್ಕೂ ಸೀಳಿಹೋದೆ. ದುರ್ಗಪ್ಪ ಕಣ್ಣು ಮುಚ್ಚಿರಲಿಲ್ಲ. ಕೈಯನ್ನೂ ಅಡ್ಡ ಹಿಡಿದಿರಲಿಲ್ಲ.

"ಕೈ ತಪ್ತು" ಎಂದಳು ನೀಲಾ. ಅವನೊಬ್ಬನ ಹೊರತು ಎಲ್ಲರೂ ನಂಬಿದರು.

ನಾನು ನಾಟಕದ ಸಾಮಾನಿನ ಪೆಟ್ಟಿಗೆ ಸೇರಿದೆ. ಪ್ರದರ್ಶನಕ್ಕೆ ರಟ್ಟಿನ ಬಡಿಗೆ ಬಂತು. ನಾಟಕದ ಸಂಜೆ ದುರ್ಗಪ್ಪ ಎಣ್ಣೆಯ ಶೀಸೆ ಹಿಡಿದು ರಂಗದ ಹಿಂದೆ ಬಂದ. ನನಗೇ ಇರಬೇಕೆಂದು ಮೈ ಜುಮ್ಮೆಂದಿತು. ಅವನು ನನ್ನ ಕಡೆ ನೋಡಲೂ ಇಲ್ಲ.

"ಥಂಡ್ಯಾಗ ಕೈ ನೋಯ್ತೈತಿ ನಿಂದು" ಎಂದು ಅಂಗೈಗೆ ಎಣ್ಣೆ ಸುರಿದುಕೊಳ್ಳಲು ಹೋದ.

"ಇಲ್ಲಿ ಕೊಡು. ನಾನ ಹಚ್ಕೋತೀನಿ" ಎಂದು ನೀಲಾ ಶೀಸೆ ಇಸಿದುಕೊಂಡಳು.

ಹಚ್ಚಿಕೊಂಡಳು. ಅವನು ನಿಂತು ನೋಡಿದ. ಇಷ್ಟು ವರ್ಷ ನಾನು ಕುಡಿದದ್ದು ಅವಳ ಪಾಲಿನ ಎಣ್ಣೆ.

ನಲವತ್ತು ದಿನ ಕೇಳಿ ನಕ್ಕಿದ್ದೆನಲ್ಲ, ಈಗ ನಗು ಬರುವುದಿಲ್ಲ. ಆ ಹೆಗಲು, ಆ ಬೆರಳು, ಆ ಎಡಗೈ, ಒಂದೊಂದನ್ನೂ ನೆನೆದು ಯಾಕೆ ಎಂದು ಕೇಳಿಕೊಳ್ಳುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಬೇಕಾದಷ್ಟು ಹೊತ್ತಿದೆ. ಮೊದಲನೆಯ ಏಟೇ ಇನ್ನೂ ಮುಗಿದಿಲ್ಲ.